ಕಪ್ಪು ಕಾಗದದ ಕಿಂಡಿ

ಬೆಳಗಿನಿಂದ ಮೂರು ಸಲ ಪೆನ್ಸಿಲ್ಲಿನ ಮೊನೆ ಮುರಿದಿತ್ತು, ಮೂರು ಸಲವೂ ಅವನು ಮನಸ್ಸಿನಲ್ಲೇ ನಾದಿನಿಯನ್ನು ಬೈದುಕೊಂಡಿದ್ದ. ಪೆನ್ಸಿಲ್ಲಿಗೂ ಅವಳಿಗೂ ಸಂಬಂಧವಿರಲಿಲ್ಲ. ಆದರೆ ಈ ಕಟ್ಟಡದೊಳಗೆ ಮುರಿಯುವುದು, ಸೋರುವುದು, ತಡವಾಗುವುದು ಎಲ್ಲಕ್ಕೂ ಅವಳೇ ಕಾರಣವೆಂದು ಅವನು ಎಂದೋ ತೀರ್ಮಾನಿಸಿಬಿಟ್ಟಿದ್ದ. ಅವಳು ಅವನ ಹೆಂಡತಿಯ ತಂಗಿ, ಈ ಪ್ರಯೋಗಶಾಲೆಯ ಮುಖ್ಯಸ್ಥೆ, ಅವನ ಮೇಲಧಿಕಾರಿ. ಎದುರಿಗೆ ಬೆಳಕಿನ ಪೆಟ್ಟಿಗೆಯ ಮೇಲೆ ಕೋಳಿಮರಿಯೊಂದರ ಎಕ್ಸ್‌ರೇ ಫಿಲ್ಮು ಇತ್ತು. ಬೆನ್ನಿನ ಎಲುಬುಗಳಲ್ಲಿ ಅತಿ ಹೆಚ್ಚು ವಾಲಿದ ಮೇಲಿನದರ ತಲೆಗೊಂದು ಗೆರೆ, ಕೆಳಗಿನದರ ಬುಡಕ್ಕೊಂದು ಗೆರೆ, ಎರಡರ ನಡುವಿನ ಕೋನ ಎಷ್ಟೆಂದು ನೋಡಿ ಬರೆಯುವುದು, ಹದಿನೇಳು ವರ್ಷದಿಂದ ಅವನ ಕೆಲಸ ಇಷ್ಟೇ. ಹತ್ತು ಡಿಗ್ರಿಯೊಳಗಿದ್ದರೆ ನೆಟ್ಟಗಿನ ಬೆನ್ನು, ಮೀರಿದರೆ ಬಾಗಿದ್ದು. ಕಾಲೇಜಿನ ಮೆಟ್ಟಿಲು ಹತ್ತದ ಅವನನ್ನು ಇಲ್ಲಿ ಎಲ್ಲರೂ ಡಿಗ್ರಿ ಸಾಹೇಬ್ರು ಎನ್ನುತ್ತಿದ್ದರು. ಮೊದಮೊದಲು ಅದನ್ನು ಪ್ರೀತಿ ಎಂದುಕೊಂಡಿದ್ದ ಪೆದ್ದ. ಈ ಮರಿಯದು ಇಪ್ಪತ್ತಾರು ಡಿಗ್ರಿ. ಬೆಳಿಗ್ಗೆಯೂ ಇಪ್ಪತ್ತಾರೇ ಇತ್ತು, ಮರಿ ಸತ್ತ ಮೇಲೆ ಮನಸ್ಸು ಬದಲಾಯಿಸಿ ನೆಟ್ಟಗಾಗುವುದಿಲ್ಲವಲ್ಲ.

ಹನ್ನೊಂದು ಗಂಟೆಗೆ ಲಕೋಟೆ ಒಡೆದಿದ್ದರು. ಯಾವ ಫಿಲ್ಮು ಯಾವ ಗುಂಪಿನ ಮರಿಯದು ಎಂದು ಅಳೆಯುವವನಿಗೆ ಗೊತ್ತಿರಬಾರದು, ಗೊತ್ತಿದ್ದರೆ ಕೈ ತನಗೆ ಬೇಕಾದ ಕಡೆಗೆ ಗೆರೆ ಎಳೆಯುತ್ತದೆ ಎಂಬುದು ಅಲ್ಲಿನ ನಿಯಮ. ಅದಕ್ಕೇ ಗುಂಪಿನ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಅಳತೆಯೆಲ್ಲ ಮುಗಿದ ಮೇಲೆಯೇ ತೆರೆಯುವುದು. ಒಟ್ಟು ಮೂವತ್ತಾರು ಮರಿಗಳು. ಹನ್ನೆರಡರ ತಲೆಬುರುಡೆ ತೆರೆದು ಒಳಗಿದ್ದ ಸಾಸಿವೆಯಷ್ಟು ಪೀನಿಯಲ್ ಗ್ರಂಥಿಯನ್ನು ನಾದಿನಿ ತೆಗೆದಿದ್ದಳು. ಇನ್ನು ಹನ್ನೆರಡರ ಬುರುಡೆಯನ್ನು ಹಾಗೆಯೇ ತೆರೆದು, ಏನೂ ತೆಗೆಯದೆ ಮುಚ್ಚಿದ್ದಳು. ಅದು ಹುಸಿ ಗುಂಪು. ಉಳಿದವನ್ನು ಯಾರೂ ಮುಟ್ಟಿರಲಿಲ್ಲ. ಆ ಗ್ರಂಥಿ ಕತ್ತಲೆಯಲ್ಲಿ ಮಾತ್ರ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ; ಎಲುಬು ಬೆಳೆಯುವ ವಯಸ್ಸಿನಲ್ಲಿ ಅದು ಸಿಗದೆ ಹೋದರೆ, ಎರಡು ಕಾಲ ಮೇಲೆ ನಿಲ್ಲುವ ಪ್ರಾಣಿಯ ಬೆನ್ನು ಸೊಟ್ಟಗಾಗುತ್ತದೆ. ಹತ್ತು ವರ್ಷದಿಂದ ಅವಳು ಬಿಡದೆ ಹಿಡಿದ ಪಟ್ಟು ಇದು. ಆಗದವರು ಹೇಳುತ್ತಿದ್ದದ್ದು, ಹಾರ್ಮೋನೂ ಇಲ್ಲ ಮಣ್ಣೂ ಇಲ್ಲ, ನೀವು ಬುರುಡೆ ಕೊರೆದ ಗಾಯಕ್ಕೇ ಬೆನ್ನು ಬಾಗುತ್ತದೆ ಎಂದು. ಅವರ ಬಾಯಿ ಮುಚ್ಚಿಸಲೆಂದೇ ಹುಸಿ ಗುಂಪು ಇದ್ದದ್ದು. ಅವುಗಳ ಬೆನ್ನು ನೆಟ್ಟಗಿರಬೇಕಿತ್ತು. ಹನ್ನೆರಡರಲ್ಲಿ ಒಂಬತ್ತು ಬಾಗಿದ್ದವು. ಸಂಜೆ ನಾಲ್ಕಕ್ಕೆ ಪರಿಶೀಲನಾ ಸಮಿತಿಯ ಮುಂದೆ ಅವಳು ಈ ಫಲಿತಾಂಶ ಇಡಬೇಕು, ಕೆಲಸ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ಅವರು ಇವತ್ತೇ ಹೇಳುತ್ತಾರೆ.

"ಇದು ಸಾಧ್ಯ ಇಲ್ಲ," ಅಂದಿದ್ದಳು ನಾದಿನಿ. ಅವನ ಕಡೆ ನೋಡದೆ, ಅಂಕಿಅಂಶ ನೋಡಿಕೊಳ್ಳುವ ಹುಡುಗಿಯ ಕಡೆ ತಿರುಗಿ ಕೇಳಿದಳು. "ಅಳತೆ ಮಾಡಿದ್ದು ಯಾರು?"

ಹದಿನೇಳು ವರ್ಷದಿಂದ ಅಳೆಯುವುದು ಯಾರೆಂದು ಆ ಕಟ್ಟಡದ ಹಲ್ಲಿಗಳಿಗೂ ಗೊತ್ತಿತ್ತು.

"ನಾನೇ ಮೇಡಂ."

"ಕನ್ನಡಕ ಯಾವಾಗ ಬದಲಾಯಿಸಿದ್ರಿ?"

"ಕಣ್ಣು ಸರಿಯಾಗೇ ಇದೆ."

"ಹಾಗಾದ್ರೆ ಕೈ ಸರಿ ಇಲ್ಲ. ಹುಸಿ ಗುಂಪಿನ ಹನ್ನೆರಡೂ ಇನ್ನೊಂದ್ಸಲ ಅಳೀರಿ. ಮೂರು ಗಂಟೆ ಒಳಗೆ ಕೊಡಿ."

ಅಂಕಿಅಂಶದ ಹುಡುಗಿ ನಗು ತಡೆಯಲು ಕಂಪ್ಯೂಟರಿನೊಳಗೆ ಮುಖ ತೂರಿಸಿದಳು. ಅವನಿಗೆ ಕಿವಿಯವರೆಗೂ ಬಿಸಿಯಾಯಿತು. ಗುಂಪು ಗೊತ್ತಿದ್ದವನು ಅಳೆಯಬಾರದು ಎಂದು ನಿಯಮ ಮಾಡಿದವಳೇ ಈಗ ಅಳೆ ಎನ್ನುತ್ತಿದ್ದಾಳೆ, ನಾಲ್ಕು ಜನರ ಮುಂದೆ ಇದನ್ನೇ ಅವಳ ಮುಖಕ್ಕೆ ಹೇಳಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಆ ಹುಡುಗಿ ಪಟ್ಟಿ ನೋಡುತ್ತ ಅಂದಳು. "ಮೇಡಂ, ಹುಸಿ ಗುಂಪು ಪೂರ್ತಿ ಒಂದೇ ಕಡೆ ಇದ್ದದ್ದು. ಬಾಗಿಲಿಗೆ ಎದುರಿನ ಕೆಳಗಿನ ಸಾಲು. ಪಂಜರ ತೊಳೆಯೋ ಅಮ್ಮ ಜಾಗ ಸಾಲ್ದೆ ಹಾಗೆ ಜೋಡಿಸಿದ್ರಂತೆ. ನೆಟ್ಟಗಿರೋ ಮೂರು ಮಾತ್ರ ಕಂಬದ ಹಿಂದಿನ ಪಂಜರದವು." ಅವನು ತೆರೆದ ಬಾಯಿ ಮುಚ್ಚಿಕೊಂಡು, ಫಿಲ್ಮುಗಳನ್ನು ಎತ್ತಿಕೊಂಡು, ಹೂಂ ಎಂದು ಹೊರಟುಬಂದ. ಅವಳು ಇದನ್ನು ವಿಧೇಯತೆ ಎಂದುಕೊಂಡಿರಬೇಕು.

ಬಾಗಿಲಿಗೆ ಎದುರಿನ ಸಾಲು. ಮರಿಗಳ ಕೋಣೆಯ ಬಾಗಿಲಲ್ಲಿ ಮುಖದಷ್ಟಗಲದ ಗಾಜು ಇದೆ. ಕೋಣೆಯ ದೀಪ ಸಂಜೆ ಏಳಕ್ಕೆ ತಾನೇ ಆರಿ ಬೆಳಿಗ್ಗೆ ಏಳಕ್ಕೆ ತಾನೇ ಹತ್ತುತ್ತದೆ, ಆದರೆ ಕೋಣೆಗಳ ನಡುವಿನ ಓಣಿಯ ಟ್ಯೂಬ್‌ಲೈಟು ಕಾವಲಿನವನಿಗಾಗಿ ರಾತ್ರಿಯಿಡೀ ಉರಿಯುತ್ತದೆ. ಆ ಬೆಳಕು ಒಳಗೆ ಬೀಳಬಾರದೆಂದು ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿದ್ದಾರೆ. ಅದರ ಕೆಳಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದ ಕಾಗದವನ್ನು ಅವನು ಉಗುರಿನಿಂದ ಕೆರೆದು ತೆಗೆದು ಎರಡು ತಿಂಗಳಾಗಿತ್ತು. ಮರಿಗಳು ಆಗಿನ್ನೂ ವಾರದವು. ಬೆಳಕಿನ ಯೋಚನೆ ಅವನಿಗೆ ಬರಲೇ ಇಲ್ಲ, ದೇವರಾಣೆಗೂ. ಪಂಜರ ತೊಳೆಯುವ ಹೆಂಗಸು, ಎಲ್ಲರ ಬಾಯಲ್ಲಿ ಪಂಜರದಮ್ಮ, ಒಂದು ದಿನ ಬಕೆಟ್ಟು ಕೆಳಗಿಟ್ಟು ಹೇಳಿದ್ದಳು. "ನಿಮ್ಮ ಮೇಡಮ್ಮು ಊಟದ ಹೊತ್ನಲ್ಲಿ ಮರಿಗಳ ಕೋಣೆ ಬಾಗಿಲು ಹಾಕ್ಕೊಂಡು ನೆಲದ ಮೇಲೆ ಮಲಗ್ತಾರೆ ಕಣಣ್ಣ. ಏಳುವಾಗ ಗೋಡೆ ಹಿಡ್ಕೊಂಡು ಏಳ್ತಾರೆ, ಪಾಪ." ಪಾಪ ಎಂಬ ಮಾತಿನಲ್ಲಿ ಅವನಿಗೆ ಏನೋ ರುಚಿ ಹತ್ತಿತು. ಮರುದಿನವೇ ಕೆರೆದ. ಒಂದು ಕಣ್ಣಿಟ್ಟು ನೋಡಿದ. ಬಿಳಿ ಕೋಟು ಹಾಕಿಕೊಂಡೇ, ಕಾಳಿನ ಖಾಲಿ ಚೀಲ ಹಾಸಿಕೊಂಡು, ಅವಳು ಅಂಗಾತ ಮಲಗಿದ್ದಳು. ನೆಲಕ್ಕೆ ಅಂಟಬೇಕಾದ ಬೆನ್ನು ಒಂದು ಕಡೆ ಅಂಟಿತ್ತು, ಇನ್ನೊಂದು ಕಡೆ ಅಂಗೈ ತೂರುವಷ್ಟು ಸಂದು ಬಿಟ್ಟಿತ್ತು. ಸಭೆಯಲ್ಲಿ ಎಲ್ಲರನ್ನೂ ಕಣ್ಣಲ್ಲೇ ಹುರಿದುಹಾಕುವವಳು ತುಟಿ ಕಚ್ಚಿಕೊಂಡು ಸೂರು ನೋಡುತ್ತಿದ್ದಳು. ಅವಳು ನರಳುವುದನ್ನು ನೋಡಿ ಖುಷಿಯಾಯಿತೇ? ಆಯಿತು, ಮೊದಲ ವಾರ ಆಯಿತು, ಸುಳ್ಳೇಕೆ ಹೇಳಬೇಕು. ಆಮೇಲೂ ಮಧ್ಯಾಹ್ನ ಒಂದೂ ಇಪ್ಪತ್ತಾದರೆ ಕಾಲು ತಾನಾಗಿ ಆ ಓಣಿಗೆ ತಿರುಗುತ್ತಿತ್ತು.

ಅಂಗೈ ತೂರುವ ಸಂದು. ಆಗ ಇಷ್ಟಿರಲಿಲ್ಲ. ಅವನಿಗೆ ಹೊಸದಾಗಿ ಮದುವೆಯಾಗಿ ಮಾವನ ಮನೆಗೆ ಹೋಗಿದ್ದಾಗ, ಆಗಿನ್ನೂ ಏಳನೇ ತರಗತಿಯ ಹುಡುಗಿಯಾಗಿದ್ದ ನಾದಿನಿ ಹೊಸ್ತಿಲ ಬಳಿ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಶಾಲೆಯ ಬಿಳಿ ಅಂಗಿಯ ಕೆಳಗೆ ಬೆನ್ನಿನ ಬಲಭಾಗ ಎಡಭಾಗಕ್ಕಿಂತ ಎತ್ತರವಾಗಿ ಉಬ್ಬಿತ್ತು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಅವನು ಆಗ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ, ಇಂಥ ಬೆನ್ನುಗಳನ್ನು ದಿನಾ ನೋಡುತ್ತಿದ್ದ. ಕಣ್ಣು ತಾನಾಗಿ ಅಳೆದು ಮುಗಿಸಿತ್ತು. ಹುಡುಗಿ ತಲೆ ಎತ್ತಿ ಅವನನ್ನೇ ನೋಡಿದಳು, ತಟ್ಟನೆ ನೆಟ್ಟಗೆ ನಿಂತಳು, ಒಂದು ಬೂಟಿನ ಲೇಸು ಬಿಚ್ಚಿಕೊಂಡಿದ್ದಂತೆಯೇ ಹೊರಗೆ ಓಡಿದಳು. ಒಳಗೆ ಹೋಗಿ ಅತ್ತೆಗೆ ಹೇಳಬೇಕಿತ್ತು. ಏನೆಂದು ಹೇಳುವುದು? ಮದುವೆಯಾಗಿ ಹದಿನೈದು ದಿನವಾಗಿಲ್ಲ, ಅಳಿಯ ಎಳೆ ಹುಡುಗಿಯ ಬೆನ್ನು ನೋಡಿಕೊಂಡು ಕೂತಿದ್ದನಂತೆ ಎಂದು ಮನೆಯೆಲ್ಲ ಗುಸುಗುಸು ಎದ್ದರೆ? ಬೇರೆ ಯಾರಾದರೂ ನೋಡಿಯಾರು, ಹೇಳಿಯಾರು ಎಂದು ಬಾಯಿಗೆ ಬೀಗ ಹಾಕಿಕೊಂಡ. ಆ ವರ್ಷ ಹುಡುಗಿ ಜೋರಾಗಿ ಬೆಳೆದಳು. ಪ್ರತಿ ಸಲ ಹೋದಾಗಲೂ ಬಾಗಿಲ ಚೌಕಟ್ಟಿಗೆ ಅವಳನ್ನು ನಿಲ್ಲಿಸಿ, ತಲೆಯ ಮೇಲೆ ಸ್ಕೇಲಿಟ್ಟು, ಪೆನ್ಸಿಲ್ಲಿನಲ್ಲಿ ಗುರುತು ಹಾಕುವ ಕೆಲಸವನ್ನು ಮನೆಯವರು ಅವನಿಗೇ ವಹಿಸಿದ್ದರು, ಅಳತೆಯವನಲ್ಲವೇ ಅಳಿಯ. ನಾಲ್ಕು ಇಂಚು ಎಂದು ಕೂಗಿ ಹೇಳಿದಾಗ ಅತ್ತೆ ಹಿಗ್ಗಿಹೋದರು. ನೆಟ್ಟಗೆ ನಿಂತ್ಕೋ ಎಂದು ಅವನು ಅವಳ ಭುಜ ತಟ್ಟಿದ್ದ. ನೆಟ್ಟಗೇ ನಿಂತಿದೀನಿ ಭಾವ ಎಂದಿದ್ದಳು ಹುಡುಗಿ. ವರ್ಷ ಕಳೆದ ಮೇಲೆ ದರ್ಜಿ ಭುಜದ ಅಳತೆ ಹೊಂದುತ್ತಿಲ್ಲ ಎಂದು ಹೇಳಿದ್ದಕ್ಕೆ, ಅತ್ತೆಯೂ ಅವನೂ ಹುಡುಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಹೇಳಿದ್ದು ಅವನಿಗೆ ಇವತ್ತಿಗೂ ಅಕ್ಷರಶಃ ನೆನಪಿದೆ. "ಇಪ್ಪತ್ತು ಡಿಗ್ರಿ ಇದ್ದಾಗ ಬಂದಿದ್ರೆ ಬೆನ್ನಿಗೆ ಬಿಗಿ ಪಟ್ಟಿ ಹಾಕಿ ಅಲ್ಲೇ ನಿಲ್ಲಿಸ್ಬಹುದಿತ್ತು. ಈಗ ನಲವತ್ತಾರು ಆಗಿದೆ. ಒಂದು ವರ್ಷ ಯಾರೂ ನೋಡ್ಲಿಲ್ವಾ?" ಅತ್ತೆ ಅತ್ತರು. ಅವನು ಫಿಲ್ಮನ್ನು ಲಕೋಟೆಗೆ ಹಾಕಿ ಬಗಲಲ್ಲಿಟ್ಟುಕೊಂಡು, ಆಟೋ ಕರೆಯುವ ನೆವದಲ್ಲಿ ಹೊರಗೆ ಬಂದಿದ್ದ.

ಆಮೇಲೆ ಅವಳಿಗಾಗಿ ಏನೂ ಮಾಡಿಲ್ಲವೇ? ಈ ಪ್ರಯೋಗಶಾಲೆಯಲ್ಲಿ ಕೆಲಸ ಖಾಲಿ ಇದೆ ಎಂದು ಹೇಳಿದ್ದು ಯಾರು, ಹಳೆಯ ಮುಖ್ಯಸ್ಥರ ಬಳಿ ಮಾತಾಡಿದ್ದು ಯಾರು? ಅದನ್ನು ಅವನು ಊಟಕ್ಕೆ ಕೂತಾಗಲೆಲ್ಲ ಎತ್ತುತ್ತಿದ್ದ, ಹೆಂಡತಿ ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಿದ್ದಳು. "ನನ್ನ ತಂಗಿ ಓದಿ ಬಂದ್ಳು ರೀ. ನೀವು ಬಾಗಿಲು ತೋರ್ಸಿದ್ರಿ ಅಷ್ಟೆ. ಅವಳ ಮೇಲೆ ಯಾಕೆ ಹಾಗೆ ಹಲ್ಲು ಮಸೀತೀರೋ, ನನಗಂತೂ ಅರ್ಥ ಆಗಲ್ಲ." ಅವನಿಗೆ ಅರ್ಥವಾಗುತ್ತಿತ್ತು. ಅವಳು ಓಣಿಯಲ್ಲಿ ಎಡಭುಜ ಇಳಿಬಿಟ್ಟುಕೊಂಡು ನಡೆದು ಬರುವಾಗಲೆಲ್ಲ ಆ ಭುಜ ಅವನನ್ನು ಏನೋ ಕೇಳುತ್ತಿತ್ತು. ಕೇಳುವವರ ಮೇಲೆ ಸಿಟ್ಟು ಬರದೆ ಇನ್ನೇನು ಬರುತ್ತದೆ. ಅವಳ ಬಾಯಲ್ಲಿ ಅವನು ಮನೆಯಲ್ಲಿ ಭಾವ, ಇಲ್ಲಿ ಬರೀ ನೀವು. ಒಂದು ದಿನವಾದರೂ ಬಾಯಿ ಬಿಟ್ಟು ಬೈದಿದ್ದರೆ ಒಳ್ಳೆಯದಿತ್ತು.

ಒಂದು ಗಂಟೆಯ ಹೊತ್ತಿಗೆ ಹನ್ನೆರಡೂ ಫಿಲ್ಮು ಮುಗಿದವು. ಬೆಳಗಿನ ಅಂಕಿಗೂ ಈಗಿನದಕ್ಕೂ ಒಂದು ಡಿಗ್ರಿಯ ವ್ಯತ್ಯಾಸವೂ ಇರಲಿಲ್ಲ, ಅವನಿಗೆ ಹೆಮ್ಮೆಯಾಯಿತು. ಹೆಮ್ಮೆಯ ಹಿಂದೆಯೇ ಬೇರೆ ಯೋಚನೆ ಬಂತು. ಪೆನ್ಸಿಲ್ಲನ್ನು ಕೂದಲೆಳೆಯಷ್ಟು ಓರೆ ಹಿಡಿದರೆ ನಾಲ್ಕು ಡಿಗ್ರಿ ಕಮ್ಮಿಯಾಗುತ್ತದೆ, ಎರಡೂ ಗೆರೆಯಲ್ಲಿ ಹಾಗೆ ಮಾಡಿದರೆ ಎಂಟು. ಒಂಬತ್ತರಲ್ಲಿ ಐದಾರನ್ನಾದರೂ ಹತ್ತರೊಳಗೆ ತರಬಹುದು. ತಪ್ಪು ನನ್ನದೇ ಮೇಡಂ, ಕನ್ನಡಕ ಬದಲಾಯಿಸ್ತೀನಿ ಎಂದರಾಯಿತು. ಅವಳು ಗೆಲ್ಲುತ್ತಾಳೆ, ಅದೂ ಅವನು ಹಾಕಿದ ಭಿಕ್ಷೆಯಿಂದ, ಅದು ಅವಳಿಗೆ ಗೊತ್ತೂ ಆಗುವುದಿಲ್ಲ. ಅಥವಾ ಇದ್ದದ್ದನ್ನು ಇದ್ದಂತೆ ಕೊಟ್ಟು ಕೈ ತೊಳೆದುಕೊಳ್ಳುವುದು. ಬುರುಡೆಯ ಗಾಯಕ್ಕೇ ಬೆನ್ನು ಬಾಗಿತು ಎಂದು ಸಮಿತಿಯವರು ನಗುತ್ತಾರೆ, ಹತ್ತು ವರ್ಷದ ಪಟ್ಟು ಹತ್ತು ನಿಮಿಷದಲ್ಲಿ ಮಣ್ಣಾಗುತ್ತದೆ. ಮೂರನೆಯ ದಾರಿಯೂ ಇತ್ತು. ಕೋಳಿಮರಿಯ ಬುರುಡೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಬೆಳಕು ನೇರವಾಗಿ ಗ್ರಂಥಿಗೆ ಇಳಿಯುತ್ತದೆ ಎಂದು ಅವಳೇ ಎಲ್ಲರಿಗೂ ಹೇಳಿಕೊಟ್ಟಿದ್ದಾಳೆ. ಆ ಒಂಬತ್ತು ಮರಿಗಳಿಗೆ ಎರಡು ತಿಂಗಳು ರಾತ್ರಿಯೇ ಆಗಿರಲಿಲ್ಲ. ಗ್ರಂಥಿ ಇದ್ದೂ ಹಾರ್ಮೋನು ಬರಲಿಲ್ಲ, ಹಾರ್ಮೋನು ಬರದೆ ಬೆನ್ನು ಬಾಗಿತು. ಅಂದರೆ ಅವಳು ಹೇಳುತ್ತ ಬಂದದ್ದೇ ಸರಿ. ಇದನ್ನು ಹೇಳಲು ಒಂದೇ ವಾಕ್ಯ ಸಾಕು. ಆದರೆ ಕಾಗದ ಕೆರೆದದ್ದು ಯಾಕೆ ಎಂದು ಕೇಳಿದರೆ ಎರಡನೆಯ ವಾಕ್ಯ ಬೇಕಾಗುತ್ತದೆ. ಅಂದು ಮಾವನ ಮನೆಯಲ್ಲೂ ಅಂಥದೇ ವಾಕ್ಯ ಅವನ ಗಂಟಲಲ್ಲೇ ಉಳಿದಿತ್ತು.

ಮೊದಲು ಕಿಂಡಿ ಮುಚ್ಚಿಬಿಡೋಣ, ಮಿಕ್ಕದ್ದು ಆಮೇಲೆ ಎಂದುಕೊಂಡ. ಫಿಲ್ಮಿನ ಪೊಟ್ಟಣಕ್ಕೆ ಸುತ್ತಿ ಬಂದ ಕಪ್ಪು ಕಾಗದದಿಂದ ಒಂದು ತುಂಡು ಹರಿದು, ಅಂಟಿನ ಬಾಟಲಿ ಜೇಬಿಗೆ ಹಾಕಿಕೊಂಡು ಹೊರಟ. ಓಣಿಯಲ್ಲಿ ಯಾರೂ ಇರಲಿಲ್ಲ. ಟ್ಯೂಬ್‌ಲೈಟು ಹಗಲಲ್ಲೂ ಗುಂಯ್‌ಗುಡುತ್ತ ಉರಿಯುತ್ತಿತ್ತು, ಅದು ಸರಿಯಾಗಿ ಆ ಬಾಗಿಲಿನ ಎದುರಿಗೇ ಇರುವುದು ಅವನಿಗೆ ಇಂದು ಮೊದಲ ಸಲ ಕಂಡಿತು. ಕಾಗದದ ತುಂಡಿಗೆ ಅಂಟು ಸವರಿ, ಅಂಟಿಸುವ ಮುಂಚೆ ಬಗ್ಗಿದ. ನೋಡಬೇಕೆಂದಲ್ಲ, ಅಭ್ಯಾಸ. ಪಂಜರಗಳೆಲ್ಲ ಖಾಲಿ. ಚೀಲದ ಮೇಲೆ ಅವಳು ಮಲಗಿದ್ದಳು, ತಲೆ ಈ ಕಡೆ ತಿರುಗಿತ್ತು. ಎರಡೂ ಕಣ್ಣು ತೆರೆದು, ನೇರವಾಗಿ ಕಿಂಡಿಯನ್ನೇ ನೋಡುತ್ತಿದ್ದಳು.

"ಇವತ್ತು ಅಂಟಿಸೋಕೆ ಬಂದ್ರಾ?" ದನಿ ಏರಿಸಲಿಲ್ಲ, ಬಾಗಿಲಾಚೆಯಿಂದಲೂ ಸ್ಪಷ್ಟವಾಗಿ ಕೇಳಿಸಿತು.

ಒಳಗೆ ಗೋಡೆ ಹಿಡಿದು ಏಳುವ ಸದ್ದು, ಚಿಲಕದ ಸದ್ದು. ಬಾಗಿಲು ತೆರೆಯಿತು. ಅವನ ಬೆರಳಿಗೆ ಕಾಗದ ಅಂಟಿಕೊಂಡು ಜೋತಾಡುತ್ತಿತ್ತು.

"ಗೊತ್ತಿತ್ತಾ?" ಅಂದ.

"ಎರಡು ತಿಂಗಳಿಂದ. ಒಂದೂ ಇಪ್ಪತ್ತಕ್ಕೆ ಕಿಂಡಿ ಕಪ್ಪಾಗ್ತಿತ್ತು, ಒಂದೂವರೆಗೆ ಬೆಳ್ಳಗಾಗ್ತಿತ್ತು. ಗಡಿಯಾರ ನೋಡೋದೇ ಬೇಡ."

"ಒಂದು ಮಾತು ಹೇಳ್ಬಹುದಿತ್ತು."

"ನೀವಾಗೇ ನಾಚ್ಕೊಂಡು ಮುಚ್ತೀರಿ ಅಂತ ಕಾದೆ. ಕಾಯೋದು ನನಗೆ ಅಭ್ಯಾಸ ಇದೆ." ಅವಳು ಸೊಂಟಕ್ಕೆ ಕೈ ಕೊಟ್ಟುಕೊಂಡೇ ನಿಂತಿದ್ದಳು. "ಅಳತೆ ಆಯ್ತಾ?"

"ಆಯ್ತು. ಒಂದೂ ಬದಲಾಗಿಲ್ಲ. ಒಂಬತ್ತೂ ಬಾಗಿವೆ." ಓರೆ ಗೆರೆಗಳ ಯೋಚನೆ ಅಲ್ಲಿಗೆ ಸತ್ತುಹೋಯಿತು. "ಬಾಗಿಲಿಗೆ ಎದುರಿನ ಸಾಲು ಮೇಡಂ. ಈ ಟ್ಯೂಬ್‌ಲೈಟು ರಾತ್ರಿ ಆರಲ್ಲ."

ಅವಳು ಮೊದಲು ಅವನನ್ನು ನೋಡಿದಳು. ಆಮೇಲೆ ದೀಪವನ್ನು, ಗಾಜನ್ನು, ಒಳಗಿನ ಕೆಳಗಿನ ಸಾಲನ್ನು, ಕಂಬವನ್ನು. ಬಣ್ಣ ಇಳಿದ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು, ಅದರಲ್ಲಿ ಸ್ನೇಹದ ಸುಳಿವೂ ಇರಲಿಲ್ಲ.

"ಕಿಂಡಿ ಕಪ್ಪಾಗೋದನ್ನೇ ನೋಡ್ತಿದ್ದೆ," ಅಂದಳು ನಿಧಾನವಾಗಿ. "ಬೆಳ್ಳಗಿರೋದನ್ನ ನೋಡ್ಲೇ ಇಲ್ಲ. ನಿಮ್ಮ ಮೇಲಿನ ಸಿಟ್ಟಲ್ಲಿ ನಾನೂ ಕುರುಡಿ ಆದೆ. ಹತ್ತು ವರ್ಷದಲ್ಲಿ ನನಗೆ ಹೊಳೀದೇ ಇದ್ದ ಪ್ರಯೋಗನ ನೀವು ಉಗುರಲ್ಲಿ ಮಾಡಿ ಮುಗಿಸಿದ್ರಿ."

"ಹಾಗಾದ್ರೆ ನಿಮ್ಮ ಮಾತೇ ಸರಿ ಆಯ್ತಲ್ಲ ಮೇಡಂ."

"ಸರಿ ಅಂತ ನಾನು ಹೇಳಿದ್ರೆ ಯಾರು ನಂಬ್ತಾರೆ? ಕಿಂಡಿ ಯಾವಾಗ ಆಯ್ತು, ಎಷ್ಟಿದೆ, ಯಾರು ಮಾಡಿದ್ರು, ಎಲ್ಲ ಬರವಣಿಗೇಲಿ ಬೇಕು. ಅದನ್ನ ಅಂಟಿಸ್ಬೇಡಿ. ಅಳೀರಿ."

ಬಾಗಿಲ ಪಕ್ಕದಲ್ಲಿ ಮೊಳೆಗೆ ನೇತುಹಾಕಿದ ಕೋಣೆಯ ಪುಸ್ತಕವಿತ್ತು. ಆ ಕೋಣೆಯಲ್ಲಿ ಏನು ಹೆಚ್ಚುಕಮ್ಮಿಯಾದರೂ, ದೀಪ ಕೆಟ್ಟರೂ, ನೀರಿನ ಬಟ್ಟಲು ಉರುಳಿದರೂ ಅದರಲ್ಲಿ ಬರೆಯಬೇಕು: ತಾರೀಖು, ಏನಾಯಿತು, ಅಳತೆ, ಕಾರಣ, ಸಹಿ. ಅವನು ಜೇಬಿನಿಂದ ಸ್ಕೇಲು ತೆಗೆದು ಕಿಂಡಿಗೆ ಹಿಡಿದ. ಐದು ಸೆಂಟಿಮೀಟರ್ ಉದ್ದ, ಮೂರೂವರೆ ಅಗಲ. ಪುಸ್ತಕ ತೆರೆದು ಬರೆಯತೊಡಗಿದ. ಅವಳು ಪಕ್ಕದಲ್ಲೇ ನಿಂತು, ಅವನು ಬರೆಯುವುದನ್ನು ಒಂದೊಂದೇ ಅಕ್ಷರ ನೋಡುತ್ತಿದ್ದಳು. ಕಾರಣದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಬರೀರಿ."

ನೋಡಲು, ಎಂದು ಬರೆದ.

"ಏನನ್ನ?"

ಮುಖ್ಯಸ್ಥರ ಬೆನ್ನನ್ನು ನೋಡಲು, ಎಂದು ತಿದ್ದಿದ. ಸಹಿ ಹಾಕಿದ. ನಾಲ್ಕು ಗಂಟೆಗೆ ಈ ಪುಸ್ತಕ ಸಮಿತಿಯವರ ಮೇಜಿನ ಮೇಲಿರುತ್ತದೆ, ಅಂಕಿಅಂಶದ ಹುಡುಗಿ ಓದುತ್ತಾಳೆ, ನಾಳೆ ಪಂಜರದಮ್ಮನವರೆಗೂ ಸುದ್ದಿ ಮುಟ್ಟುತ್ತದೆ, ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೂ ಗೊತ್ತಾಗಿರುತ್ತದೆ. ಹೆದರಿಕೆಯಾಯಿತು. ಹೆದರಿಕೆಯ ಜೊತೆಗೇ, ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇಷ್ಟು ಚಿಕ್ಕದೇ ಎಂದು ಆಶ್ಚರ್ಯವೂ ಆಯಿತು. ಪೆನ್ನಿಗೆ ಮುಚ್ಚಳ ಹಾಕಿ ಹೊರಡಲು ತಿರುಗಿದ.

"ಇದಕ್ಕೆ ಮುಂಚೆ ಒಂದ್ಸಲ ನೋಡಿದ್ರಲ್ಲ ಭಾವ," ಅಂದಳು. ಈ ಕಟ್ಟಡದೊಳಗೆ ಅವಳು ಆ ಮಾತನ್ನು ಆಡಿದ್ದು ಅದೇ ಮೊದಲು. "ಲೇಸು ಕಟ್ಟುವಾಗ. ನಿಮ್ಮ ಕಣ್ಣು ಹೋದ ಜಾಗ ನನಗೆ ಗೊತ್ತಾಯ್ತು. ಏನೋ ಆಗಿದೆ ಅಂತ ನನಗೂ ಗೊತ್ತಿತ್ತು, ಅಮ್ಮನ ಹತ್ರ ಹೇಳೋಕೆ ಭಯ. ದೊಡ್ಡವರು ನೋಡಿದಾರೆ, ಹೇಳ್ತಾರೆ ಅಂತ ಒಂದು ವರ್ಷ ಕಾದೆ. ಅದನ್ನೂ ಬರೀರಿ. ಕೆಳಗಿನ ಸಾಲಲ್ಲಿ."

"ಈ ಪುಸ್ತಕದಲ್ಲಾ?"

"ಇದರಲ್ಲೇ."

ತಾರೀಖು ನೆನಪಿದೆಯೇ ಎಂದು ಅವಳು ಕೇಳಲಿಲ್ಲ. ಅವನು ದಿನ, ತಿಂಗಳು, ಇಸವಿ ಬರೆದ, ತಡವರಿಸದೆ. ಏನಾಯಿತು ಎಂಬಲ್ಲಿ, ಬೆನ್ನು ಬಾಗಿದ್ದನ್ನು ಕಂಡೆ, ಹೇಳಲಿಲ್ಲ ಎಂದು ಬರೆದ. ಅಳತೆಯ ಜಾಗವನ್ನು ಹಾಗೆಯೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದಾಗ ಅವಳು ಅಲ್ಲಿ ಬೆರಳಿಟ್ಟಳು. ಅಂದು ಫಿಲ್ಮು ಇರಲಿಲ್ಲ, ಬೆಳಕಿನ ಪೆಟ್ಟಿಗೆ ಇರಲಿಲ್ಲ, ಹುಡುಗಿ ಬಿಳಿ ಅಂಗಿ ತೊಟ್ಟಿದ್ದಳು. ಅವನು ಅವಳ ಬೆರಳಿನ ಪಕ್ಕದಲ್ಲಿ ಇಪ್ಪತ್ತು ಎಂದು ಬರೆದ.

ಅವಳು ಬೆರಳು ತೆಗೆದು ಆ ಅಂಕಿಯನ್ನು ನೋಡಿದಳು.

"ಈಗ ಐವತ್ತೆಂಟು," ಅಂದಳು. "ಸಹಿ ಹಾಕಿ."